ಸೊನ್ನೆ ತೋರಿಸಿದ ನೀರು

ನಮ್ಮ ಊರಿನ ಸಂಜೆ ಪತ್ರಿಕೆಯ ಎರಡನೇ ಪುಟದಲ್ಲಿ, ಪೇಟೆ ಧಾರಣೆಯ ಕೆಳಗೆ, 'ನೀರಿನ ಸ್ಥಿತಿ' ಎಂಬ ಅಂಕಣ ಬರುತ್ತದೆ. ಯಾವ ಓಣಿಯ ಯಾರ ಮನೆಯ ಕೊಳದಲ್ಲಿ ಕೂಸು ಇದೆ, ಆ ದಿನ ಬೆಳಿಗ್ಗೆ ಆ ನೀರಿನಲ್ಲಿ ಕ್ಲೋರಿನ್ ಎಷ್ಟಿತ್ತು, ಪಿಎಚ್ ಎಷ್ಟಿತ್ತು ಎಂಬುದನ್ನು ಅದರಲ್ಲಿ ಕೊಡುತ್ತೇವೆ. ಜನ ಮೊದಲು ಓದುವುದು ಅದನ್ನೇ. ಆಮೇಲೆ ತೀರಿಕೊಂಡವರ ಸುದ್ದಿ, ಆಮೇಲೆ ಮುಖಪುಟ. ಅಂಕಣದ ಕೆಲಸ ನನ್ನದು. ಮನೆಮನೆಯಿಂದ ಫೋನಿನಲ್ಲಿ ಬರುವ ಅಂಕಿಗಳನ್ನು ಎರಡೆರಡು ಸಲ ಕೇಳಿ, ಹಿಂದಿನ ದಿನದ್ದರೊಂದಿಗೆ ತಾಳೆ ನೋಡಿ, ಪುಟಕ್ಕೆ ಕಳಿಸುತ್ತೇನೆ. ಅಂದಾಜಿನಲ್ಲಿ ಹೇಳುವವರನ್ನು ಮತ್ತೆ ಕೊಳದ ಹತ್ತಿರ ಓಡಿಸುತ್ತೇನೆ. ಈ ಕಾರಣಕ್ಕೆ ಊರಿನಲ್ಲಿ ನನ್ನನ್ನು ಮುರಿಗೆಪ್ಪ ಎನ್ನುವವರಿಗಿಂತ 'ಪೇಪರ್ ಸಾಹೇಬ' ಎಂದು ನಗುವವರೇ ಹೆಚ್ಚು.

ನಮ್ಮಲ್ಲಿ ಕೂಸು ಹುಟ್ಟುವುದು ನೀರಿನಲ್ಲಿ. ಮನೆಯ ಹಿಂದಿನ ಈಜುಕೊಳದಲ್ಲಿ ಹುಟ್ಟಿ, ಅಲ್ಲೇ ಉಸಿರಾಡಿ, ತಳದ ಟೈಲ್ಸ್ ಮೇಲೆ ಮಲಗಿ, ತಾಯಿ ಬಂದು ಎದೆಮಟ್ಟದ ನೀರಿನಲ್ಲಿ ಮೆಟ್ಟಿಲ ಮೇಲೆ ಕುಳಿತಾಗ ಹಾಲು ಕುಡಿದು ಬೆಳೆಯುತ್ತದೆ. ಎದೆ ಬಲಿತಾಗ ತಾನಾಗಿ ಮೆಟ್ಟಿಲು ಹತ್ತಿ ಮೇಲೆ ಬರುತ್ತದೆ. ಹೆಸರಿಡುವುದು ಅವತ್ತು; ಅಲ್ಲಿಯವರೆಗೆ ಅದು ಬರೀ ಕೂಸು. ಅದನ್ನು ಯಾರೂ ಎತ್ತಿಕೊಳ್ಳುವಂತಿಲ್ಲ, ತಳ್ಳುವಂತಿಲ್ಲ. ಬೇರೆ ಮನೆಯ ಕೊಳಕ್ಕೆ ಸಾಗಿಸುವಂತೆಯೂ ಇಲ್ಲ. ಹಾಗೆ ಸಾಗಿಸಿದ ಕೂಸುಗಳು ಹೊಸ ನೀರಿನಲ್ಲಿ ಮೆಟ್ಟಿಲನ್ನು ಹುಡುಕಲೇ ಇಲ್ಲ ಎಂಬುದು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿದೆ. ಹೀಗಾಗಿ ನೀರು ಕೆಟ್ಟರೆ, ಕೂಸು ಒಳಗಿರುವಾಗಲೇ ನೀರನ್ನು ಸರಿಪಡಿಸಬೇಕು.

ನೀರು ಸರಿಯಿಡುವುದು ನಮ್ಮೂರಿನಲ್ಲಿ ಅಡುಗೆಯಷ್ಟೇ ಸಾಮಾನ್ಯ ಕೆಲಸ. ಕಿರಾಣಿ ಅಂಗಡಿಯಲ್ಲಿ ಪರೀಕ್ಷೆ ಪೆಟ್ಟಿಗೆ ಸಿಗುತ್ತದೆ. ಪೆಟ್ಟಿಗೆಯೊಳಗೆ ಎರಡು ಗಾಜಿನ ನಳಿಕೆ. ಒಂದರಲ್ಲಿ ಕೊಳದ ನೀರು ತುಂಬಿ ಗುಳಿಗೆ ಹಾಕಿ ಅಲ್ಲಾಡಿಸಿದರೆ, ಕ್ಲೋರಿನ್ ಇದ್ದಷ್ಟು ಗುಲಾಬಿ ಬಣ್ಣ ಬರುತ್ತದೆ; ಇಲ್ಲದಿದ್ದರೆ ನೀರು ತಿಳಿಯಾಗಿಯೇ ಉಳಿಯುತ್ತದೆ. ಇನ್ನೊಂದಕ್ಕೆ ಕೆಂಪು ದ್ರಾವಣದ ಹನಿ ಹಾಕಿದರೆ ಪಿಎಚ್ ತಿಳಿಯುತ್ತದೆ. ಬಣ್ಣವನ್ನು ಪಕ್ಕದ ಪಟ್ಟಿಗೆ ಹೋಲಿಸಿ ಅಂಕಿ ಓದಬೇಕು. ಕ್ಲೋರಿನ್ ಇಳಿದರೆ ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ, ಮೇಲಿನ ತಿಳಿಯನ್ನಷ್ಟೇ ಕೊಳಕ್ಕೆ ಬಿಡುತ್ತಾರೆ. ಬಿಸಿಲಿಗೆ ಕ್ಲೋರಿನ್ ಹಾರಿಹೋಗುವುದರಿಂದ ಇದನ್ನು ಮಾಡುವುದು ಹೊತ್ತು ಇಳಿದ ಮೇಲೆ. ಯಾರ ಮನೆಯ ನೀರಾದರೂ ಸೊನ್ನೆಗೆ ಇಳಿದಿದೆ ಎಂದು ಪತ್ರಿಕೆಯಲ್ಲಿ ಬಂದರೆ, ಆ ಮನೆಯವರೊಬ್ಬರಿಗೇ ಅದನ್ನು ಬಿಡುವುದಿಲ್ಲ. ಓಣಿಯ ಪ್ರತಿ ಮನೆಯಿಂದಲೂ ಒಂದೊಂದು ಬಿಂದಿಗೆ ತಿಳಿ ಬರುತ್ತದೆ. ಇದಕ್ಕೆ ಓಣಿಪಾಲು ಎನ್ನುತ್ತಾರೆ. ಪಾಲು ತಂದವರನ್ನು ಬೇಡವೆಂದವರು ಯಾರೂ ಇಲ್ಲ. ಅದು ಓಣಿಯನ್ನೇ ಬೇಡವೆಂದಂತೆ.

ಬೇಸಿಗೆ ಬಲಿಯುತ್ತಿದ್ದ ಹಾಗೆ ಒಂದು ಬೆಳಿಗ್ಗೆ ನಮ್ಮ ಮನೆಯ ನಳಿಕೆ ತಿಳಿಯಾಗಿ ನಿಂತಿತು. ಹಿಂದಿನ ದಿನದ ಬಿಸಿಲು ಹಾಗಿತ್ತು. ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಕಚೇರಿಗೆ ಹೋಗಿ ನಮ್ಮ ಮನೆಯ ಹೆಸರಿನ ಮುಂದೆ ಸೊನ್ನೆ ಎಂದು ಕೊಟ್ಟೆ. ಸಂಪಾದಕರಾದ ವಿರೂಪಾಕ್ಷಯ್ಯನವರು ಪುಟ ನೋಡುತ್ತ ಕನ್ನಡಕದ ಮೇಲಿಂದ ನನ್ನತ್ತ ನೋಡಿದರು.

"ನಿಮ್ಮ ಮನೀದೇನ್ರಿ ಇದು?"

"ಹೌದ್ರಿ."

"ಕೊಳದ ಅಂಕಣ ಬರಿಯೋನ ಮನಿ ನೀರಽ ಸೊನ್ನಿ ಅಂದ್ರ ಮಂದಿ ನಗತಾರ. ಸಂಜೀಕ ಹೆಂಗೂ ಸರಿ ಮಾಡ್ತೀರಿ. ಒಂಚೂರು ಏರಿಸಿ ಹಾಕ್ರಲಾ."

"ಬೆಳಿಗ್ಗೆ ಇದ್ದದ್ದು ಸೊನ್ನಿರಿ," ಎಂದೆ. ಅವರು ಪುಟವನ್ನು ಹಾಗೇ ಅಚ್ಚಿಗೆ ಕಳಿಸಿದರು.

ಸಂಜೆ ಬಿಂದಿಗೆಗಳು ಬಂದವು. ಮೊದಲು ಬಂದವಳು ಎಡಗಡೆ ಮನೆಯ ಶಿವಗಂಗವ್ವ. ಓಣಿಯಲ್ಲಿ ಆಕೆ ಸೂಲಗಿತ್ತಿಯಾಗಿ ಹಿಡಿಯದ ಕೂಸಿಲ್ಲ. ನನ್ನನ್ನೂ ಹಿಡಿದವಳು ಆಕೆಯೇ. ಹಿಂದೆಯೇ ಎದುರು ಮನೆಯ ಹುಸೇನಸಾಬ, ಅವನ ಹಿಂದೆ ಉಳಿದವರು. ಪೇಪರ್ ಸಾಹೇಬನ ಮನೆಯ ನೀರೆಂದು ಎಲ್ಲರೂ ಪೌಡರನ್ನು ಒಂದು ಹಿಡಿ ಹೆಚ್ಚೇ ಕದಡಿ ತಂದಿದ್ದರು. ನನ್ನ ಹೆಂಡತಿ ದಾನಮ್ಮ ಎಲ್ಲರಿಗೂ ಚಹಾ ಮಾಡಿದಳು. ಹುಸೇನಸಾಬ ಬಿಂದಿಗೆ ಬಗ್ಗಿಸುತ್ತ, "ಪೇಪರ್ ಸಾಹೇಬ್ರ, ಊರ ಮಂದಿ ನೀರಿನ ಲೆಕ್ಕ ಬರದು ಬರದು ತಮ್ಮ ಮನಿ ನೀರು ಮರತ್ರಿ ನೋಡ್ರಿ," ಎಂದ. ಎಲ್ಲರೂ ನಕ್ಕರು. ಕೂಸು ತಳದಿಂದ ಮೇಲೆ ಬಂದು, ನೀರಿನ ಮೇಲೆ ಮುಖವಷ್ಟೇ ತೋರಿಸಿ, ಬಗ್ಗಿದ ಬಿಂದಿಗೆಗಳನ್ನು ನೋಡಿ ಮತ್ತೆ ಮುಳುಗಿತು. ನಮಗೆ ಅದು ಮೊದಲನೆಯ ಕೂಸು. ಹೆಣ್ಣು. ಮೆಟ್ಟಿಲು ಹತ್ತಲು ಇನ್ನೂ ಬಹಳ ದಿನಗಳಿದ್ದವು.

ಮರುದಿನ ಬೆಳಿಗ್ಗೆ ನೀರು ತುಂಬಿ, ಗುಳಿಗೆ ಹಾಕಿ, ಮುಚ್ಚಳ ಬಿಗಿದು ಅಲ್ಲಾಡಿಸಿ, ಪೆಟ್ಟಿಗೆಯ ಮೇಲೆ ಬರೆದಿರುವಂತೆ ಒಂದು ನಿಮಿಷ ಕಾದೆ. ತಿಳಿಯಾಗಿತ್ತು. ಸೊನ್ನೆ. ಗುಳಿಗೆ ಹಳೆಯದಿರಬಹುದೆಂದು ಹೊಸ ಪೊಟ್ಟಣ ಒಡೆದೆ. ಸೊನ್ನೆಯೇ. ಅಷ್ಟು ಬಿಂದಿಗೆ ತಿಳಿ ಒಂದೇ ರಾತ್ರಿಯಲ್ಲಿ ಎಲ್ಲಿ ಹೋಯಿತು? ನೀರಿನಲ್ಲಿ ಕೊಳೆ ಹೆಚ್ಚಾದರೆ ಕ್ಲೋರಿನ್ನನ್ನು ಅದು ತಿಂದುಹಾಕುತ್ತದೆ, ಅದು ಗೊತ್ತಿತ್ತು. ಆದರೆ ಕೊಳದ ತಳದಲ್ಲಿ ಬಿದ್ದ ಸೂಜಿಯೂ ಕಾಣುವಷ್ಟು ನೀರು ಶುಭ್ರವಾಗಿತ್ತು. ಪಿಎಚ್ ನಳಿಕೆಗೆ ಹನಿ ಹಾಕಿದಾಗ ನೇರಳೆ ಬಣ್ಣ ಬಂತು. ಪಟ್ಟಿಯಲ್ಲಿ ಹಳದಿಯಿಂದ ಕೆಂಪಿನವರೆಗೆ ಬಣ್ಣಗಳಿವೆ, ನೇರಳೆ ಇಲ್ಲ. ಪಟ್ಟಿಯಲ್ಲಿಲ್ಲದ್ದನ್ನು ಅಂಕಿಯಾಗಿ ಬರೆಯುವುದು ಹೇಗೆ? 'ಅಳತೆಗೆ ಸಿಕ್ಕಿಲ್ಲ' ಎಂದು ಬರೆದುಕೊಟ್ಟೆ. ಅಂಕಣದ ಚೌಕದಲ್ಲಿ ಅಷ್ಟು ಅಕ್ಷರಕ್ಕೆ ಜಾಗ ಇಲ್ಲವೆಂದು ಪುಟ ಜೋಡಿಸುವವರು ಅದನ್ನು ತೆಗೆದು ಅಡ್ಡಗೆರೆ ಹಾಕಿದರು. ಸೊನ್ನೆ ಮಾತ್ರ ಹಾಗೇ ಉಳಿಯಿತು.

ದಾನಮ್ಮ ಹಾಲು ಕುಡಿಸಿ ಮೇಲೆ ಬಂದಾಗ ಮುಖ ಸಪ್ಪಗಾಗಿತ್ತು. "ಕೂಸಿನ ಕಣ್ಣು ಕೆಂಪಾಗ್ಯಾವ್ರಿ," ಎಂದಳು. ಬಗ್ಗಿ ನೋಡಿದೆ. ಹೌದು. ಕ್ಲೋರಿನ್ ಇಲ್ಲದ ನೀರಿನಲ್ಲಿ ರೋಗ ಹುಟ್ಟುತ್ತದೆ, ಮೊದಲು ಕಣ್ಣಿಗೆ ಹತ್ತುತ್ತದೆ ಎಂದು ನಾನೇ ಅಂಕಣದ ಕೆಳಗೆ ಎಷ್ಟೋ ಸಲ ಬರೆದಿದ್ದೇನೆ. ಸೊನ್ನೆಗೂ ಕೆಂಪು ಕಣ್ಣಿಗೂ ಸರಿಯಾಗಿ ಹೊಂದುತ್ತಿತ್ತು. ಅದೇ ನನ್ನನ್ನು ಹೆದರಿಸಿತು.

ಆ ಸಂಜೆ ಓಣಿಪಾಲು ಮತ್ತೆ ಬಂತು. ಈ ಸಲ ಯಾರೂ ನಗಲಿಲ್ಲ. ಶಿವಗಂಗವ್ವ ಎರಡು ಬಿಂದಿಗೆ ತಂದಿದ್ದಳು. ಹಿಂದಿನ ಓಣಿಯವರೂ ಬಂದಿದ್ದರು. ಪತ್ರಿಕೆಯಲ್ಲಿ ಒಂದೇ ಮನೆ ಸತತ ಸೊನ್ನೆ ಎಂದು ಬಂದದ್ದನ್ನು ಅವರು ಈ ಮೊದಲು ಎಂದೂ ನೋಡಿರಲಿಲ್ಲವಂತೆ. "ಒಂದು ಬಿಂದಿಗಿಗೆ ಹಿಡೀಲಿಲ್ಲ ಅಂದ್ರ ಎರಡಕ್ಕ ಹಿಡೀತೈತಿ ಬಿಡೋ ತಮ್ಮಾ," ಎಂದು ಶಿವಗಂಗವ್ವ ನನ್ನ ಬೆನ್ನು ಸವರಿದಳು. ಬಗ್ಗಿಸಿದ ನೀರು ಕೊಳದಲ್ಲಿ ಕಾಣದಂತೆ ಬೆರೆತು ಹೋಯಿತು. ಈ ಸಲ ಕೂಸು ಮೇಲೆ ಬರಲಿಲ್ಲ.

ಅದರ ಮರುದಿನವೂ ನಳಿಕೆ ತಿಳಿಯಾಗಿತ್ತು.

ಪತ್ರಿಕೆಯಲ್ಲಿ ನಾವು ಕಲಿತದ್ದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಕೇಳಿ ಖಚಿತ ಮಾಡಿಕೊಳ್ಳಬೇಕು ಎಂಬುದು. ನೀರನ್ನು ಒಂದು ಲೋಟದಲ್ಲಿ ತುಂಬಿಕೊಂಡು ಹುಸೇನಸಾಬನ ಮನೆಗೆ ಹೋದೆ. ಅವನ ಪೆಟ್ಟಿಗೆ, ಅವನ ಗುಳಿಗೆ, ಅವನದೇ ಕೈ. ಅವನು ನಳಿಕೆಯನ್ನು ಅಂಗೈಯಲ್ಲಿ ಮುಚ್ಚಿ ಅಲ್ಲಾಡಿಸಿ, ನಿಮಿಷ ಕಳೆದ ಮೇಲೆ ಬೆಳಕಿಗೆ ಹಿಡಿದ. ಸೊನ್ನೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಹಿಂಗ ಆಗಬಾರದಲ್ರಿ," ಎಂದು ಅವನು ಮೆಲ್ಲಗೆ ಹೇಳಿದ. ಅವನ ಮೂವರು ಮಕ್ಕಳೂ ಎದುರು ಕೊಳದಿಂದ ಸುಖವಾಗಿ ಹತ್ತಿ ಬಂದವರು. ಅವನ ದನಿಯಲ್ಲಿ ಅಂಥ ಅಳುಕನ್ನು ನಾನು ಕೇಳಿರಲಿಲ್ಲ.

ಕಚೇರಿಗೆ ಹೋಗಿ ಸೊನ್ನೆ ಕೊಟ್ಟೆ. ಈಗ ಎರಡು ಕಡೆಯಿಂದ ಖಚಿತವಾದ ಸೊನ್ನೆ. ಮಧ್ಯಾಹ್ನ ಪುಟ ಅಚ್ಚಿಗೆ ಹೋಯಿತು. ಕೆಲಸ ಮುಗಿಸಿದ ಕೂಡಲೇ ಮನೆಗೆ ಬಂದೆ.

ದಾನಮ್ಮ ನೀರಿನಲ್ಲಿದ್ದಳು. ಕೂಸು ಕೊಳದ ಒಂದು ಮೂಲೆಗೆ, ಹೊಸ ನೀರು ಬಂದು ಬೀಳುವ ನಲ್ಲಿಯ ಕೆಳಗೆ, ಮುಖವೊತ್ತಿ ನಿಂತಿತ್ತು. ಹಾಲಿಗೆ ಬರುತ್ತಿರಲಿಲ್ಲ. ನಲ್ಲಿಯಲ್ಲಿ ಬೇಸಿಗೆಯ ನೀರು ನೂಲಿನಷ್ಟು ತೆಳ್ಳಗೆ ಬೀಳುತ್ತಿತ್ತು. ದಾನಮ್ಮ ಕರೆದರೂ ಅದು ಆ ನೂಲನ್ನು ಬಿಡಲಿಲ್ಲ.

"ಇನ್ನೊಮ್ಮೆ ನೋಡ್ರಿ," ಎಂದಳು.

ಮತ್ತೆ ಗುಳಿಗೆ ಹಾಕಿದೆ. ಮುಚ್ಚಳ ಬಿಗಿದು, ಅಲ್ಲಾಡಿಸಿ, ಗೋಡೆಯ ಗಡಿಯಾರದತ್ತ ತಿರುಗಿದೆ. ನಿಮಿಷ ಕಳೆದು ನಳಿಕೆಯನ್ನು ನೋಡಿದರೆ, ತಿಳಿ.

"ಸೊನ್ನಿನಽ."

"ಬಣ್ಣ ಬಂದಿತ್ತಲ್ರಿ," ಎಂದಳು ದಾನಮ್ಮ.

"ಎಲ್ಲಿ ಬಂದಿತ್ತು?"

"ಗುಳಿಗಿ ಬಿದ್ದ ಕೂಡಲೇ. ಗುಲಾಬಿ ಆತು, ಆಗಿ ಹೋತು. ನೀವು ಗಡಿಯಾರ ನೋಡ್ತಿದ್ರಿ."

"ನಿನಗ ಹಂಗ ಕಂಡಿರಬೇಕು."

"ಕಂಡದ್ದು ಕಂಡಂಗ ಹೇಳಾಕತ್ತೀನಿ. ನಿಮ್ಮ ಪೇಪರಿನಾಗ ಹಾಕಂತೇನೂ ಹೇಳಾಕತ್ತಿಲ್ಲ." ಸಿಟ್ಟಿನಿಂದ ಮೇಲೆದ್ದು ನಿಂತಳು. ಆಗ ನಾನು ಅವಳ ಸೀರೆಯನ್ನು ನೋಡಿದೆ. ಅದು ದಟ್ಟ ನೀಲಿ ಸೀರೆ, ನೀರಿಗಿಳಿಯುವಾಗ ಉಡಲೆಂದೇ ಇಟ್ಟದ್ದು. ಎದೆಯಿಂದ ಮೇಲೆ ಇನ್ನೂ ನೀಲಿ ಇತ್ತು. ಕೆಳಗೆ, ನೀರಿನಲ್ಲಿ ಮುಳುಗುವ ಭಾಗವೆಲ್ಲ, ಬೂದಿಬಣ್ಣಕ್ಕೆ ತಿರುಗಿತ್ತು.

ಕ್ಲೋರಿನ್ ಇಲ್ಲದ ನೀರು ಬಟ್ಟೆಯ ಬಣ್ಣ ತೆಗೆಯುವುದಿಲ್ಲ.

ಸೀರೆಯ ಬಣ್ಣ ತೆಗೆಯುವಷ್ಟು ಕ್ಲೋರಿನ್ ಇದ್ದರೆ, ಗುಳಿಗೆಯ ಬಣ್ಣವನ್ನೂ ತೆಗೆಯುತ್ತದೆ. ಗುಲಾಬಿ ಹುಟ್ಟುತ್ತದೆ, ಹುಟ್ಟಿದ ಗಳಿಗೆಯೇ ಸುಟ್ಟುಹೋಗುತ್ತದೆ. ನಿಮಿಷದ ನಂತರ ನೋಡುವವನಿಗೆ ಸೊನ್ನೆ ಕಾಣುತ್ತದೆ. ಪಟ್ಟಿಯಲ್ಲಿಲ್ಲದ ಆ ನೇರಳೆಯೂ ಅದರದೇ ಕೆಲಸವಿರಬೇಕು. ಹುಸೇನಸಾಬನ ಗುಳಿಗೆಯೂ ಅದೇ ಕಾರ್ಖಾನೆಯದು. ಒಂದೇ ಸುದ್ದಿಸಂಸ್ಥೆಯ ಸುದ್ದಿಯನ್ನು ಎರಡು ಪತ್ರಿಕೆಗಳಲ್ಲಿ ಓದಿ ಎರಡು ಕಡೆಯಿಂದ ಖಚಿತವಾಯಿತು ಎಂದುಕೊಂಡ ಹಾಗಾಗಿತ್ತು ನನ್ನ ಕೆಲಸ.

ಹೀಗೆಂದುಕೊಂಡೆನೇ ಹೊರತು ಇನ್ನೂ ಖಚಿತವಿರಲಿಲ್ಲ. ಅಡುಗೆಮನೆಯ ಹರವಿಯಿಂದ ಬಾವಿ ನೀರು ತಂದೆ. ಒಂದು ಪಾಲು ಕೊಳದ ನೀರಿಗೆ ಒಂಬತ್ತು ಪಾಲು ಬಾವಿ ನೀರು ಬೆರೆಸಿ, ಅದರಿಂದ ನಳಿಕೆ ತುಂಬಿ, ಗುಳಿಗೆ ಹಾಕಿದೆ. ಈ ಸಲ ಗಡಿಯಾರ ನೋಡಲಿಲ್ಲ. ನಳಿಕೆ ದಾಳಿಂಬೆ ರಸದಂತಾಯಿತು. ಪಟ್ಟಿಯ ಕೊನೆಯ ಬಣ್ಣಕ್ಕಿಂತ ಗಾಢ. ಹತ್ತು ಪಟ್ಟು ತೆಳುಮಾಡಿದ ಮೇಲೂ ಇಷ್ಟು.

ದಾನಮ್ಮನಿಗೆ ವಿವರಿಸಬೇಕಾಗಲಿಲ್ಲ. ಅವಳು ನಳಿಕೆ ನೋಡಿದಳು, ಕೂಸನ್ನು ನೋಡಿದಳು. "ಎಲ್ಲಾರೂ ಕೂಡಿ ಇದನ್ನ ಸುಡಾಕತ್ತೀವಿ," ಎಂದಳು. ಆಮೇಲೆ, "ಸಂಜೀಕ ಮತ್ತ ಬರ್ತಾರ," ಎಂದಳು.

ಇಷ್ಟು ಹೊತ್ತಿಗೆ ಪತ್ರಿಕೆ ಮಾರುವ ಹುಡುಗರು ಓಣಿಗಳಲ್ಲಿ ಕೂಗುತ್ತಿದ್ದರು. ಮೂರನೆಯ ದಿನದ ಸೊನ್ನೆ ಮನೆಮನೆಗೆ ತಲುಪಿತ್ತು.

ಏನು ಮಾಡಬಹುದೆಂದು ಯೋಚಿಸಿದೆ. ಕೊಳದ ನೀರನ್ನು ಅರ್ಧ ಖಾಲಿ ಮಾಡಿ ಹೊಸ ನೀರು ಬಿಡಬಹುದು. ನಲ್ಲಿಯಲ್ಲಿ ಬರುವ ನೂಲಿಗೆ ಅದು ತುಂಬಲು ವಾರ ಬೇಕು; ಬಾವಿಯಲ್ಲಿ ಕುಡಿಯುವಷ್ಟೇ ನೀರಿತ್ತು. ಬಿಸಿಲಿಗೆ ಬಿಡಬಹುದು, ಬಿಸಿಲು ಇಳಿಯುತ್ತಿತ್ತು, ಇಷ್ಟನ್ನು ಹಾರಿಸಲು ಹಲವು ದಿನಗಳ ಬಿಸಿಲೇ ಬೇಕಿತ್ತು. ಕ್ಲೋರಿನ್ನನ್ನು ಕೂಡಲೇ ಕೊಲ್ಲುವ ವಸ್ತು ಒಂದಿದೆ. ನಮ್ಮ ಊರಿನ ಕಿರಾಣಿಯಲ್ಲಿ ಅದು ಸಿಗುವುದಿಲ್ಲ. ಕ್ಲೋರಿನ್ ಹೆಚ್ಚಾಗಬಹುದು ಎಂದು ಯಾರಿಗೂ ಎಂದೂ ಅನ್ನಿಸಿರಲಿಲ್ಲ. ಆದರೆ ಫೋಟೋ ತೊಳೆಯುವವರ ಬಳಿ ಅದು ಇರುತ್ತದೆ. ಅವರು ಹೈಪೋ ಎನ್ನುತ್ತಾರೆ.

"ನಾ ಬರೂತನಕ ಒಂದು ಬಿಂದಿಗಿನೂ ಬೀಳಬಾರದು," ಎಂದು ದಾನಮ್ಮನಿಗೆ ಹೇಳಿ ಸೈಕಲ್ ಹತ್ತಿದೆ.

ಪತ್ರಿಕೆಯ ಛಾಯಾಗ್ರಾಹಕ ಗುರುಸಿದ್ದ ಕತ್ತಲೆಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತಿದ್ದ. ಅವನು ಸದಾ ಕುಳಿತೇ ಇರುತ್ತಾನೆ. ಕೂಸಾಗಿದ್ದಾಗ ಅವರ ಮನೆಯ ಕೊಳದ ಗೋಡೆ ಬಿರಿದು ನೀರು ಸೋರಿ, ಎದೆ ಬಲಿಯುವ ಮೊದಲೇ ಹತ್ತಿ ಬಂದವನು. ಈಗ ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರ. ನಾಲ್ಕು ಹೆಜ್ಜೆ ನಡೆದರೆ ನಿಲ್ಲಬೇಕು. ಮೇಳ, ಮೆರವಣಿಗೆಗಳ ಚಿತ್ರ ಬೇಕಾದಾಗ ಅವನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗುತ್ತಾರೆ.

ಹೈಪೋ ಬೇಕೆಂದೆ. ಯಾಕೆಂದೂ ಹೇಳಿದೆ. ಅವನು ಮೇಜಿನ ಕಡೆ ಕೈ ಮಾಡಿದ.

"ಆ ಬಾಟ್ಲಿ ಬ್ಯಾಡ... ಅದರಾಗ ಪಟಿಕ ಕೂಡಿಸೀನಿ... ಕೆಳಗ ಡಬ್ಬಿ ಐತಿ. ಬರೀ ಹರಳು."

ಡಬ್ಬಿಯಲ್ಲಿ ಕಲ್ಲುಸಕ್ಕರೆಯಂಥ ಹರಳುಗಳಿದ್ದವು. ತೂಕ ಮಾಡಿಕೊಂಡೆ. ಹೊರಡುವಾಗ ಅವನು ನನ್ನ ತೋಳು ಹಿಡಿದ.

"ಕೂಸು ಏರೇತೇನು?"

"ಇನ್ನೂ ಇಲ್ಲ."

"ನಾನೂ ಬರ್ತೀನಿ," ಎಂದ. ಅವನನ್ನು ಕರೆದೊಯ್ದರೆ ತಡವಾಗುತ್ತಿತ್ತು. ಆದರೆ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಸೈಕಲಿನ ಹಿಂದೆ ಕೂರಿಸಿಕೊಂಡು ತುಳಿದೆ. ದಾರಿಯುದ್ದಕ್ಕೂ ಅವನ ಉಸಿರು ನನ್ನ ಬೆನ್ನಿಗೆ ತಾಗುತ್ತಿತ್ತು.

ಮನೆ ತಲುಪಿದಾಗ ಅಂಗಳ ತುಂಬಿತ್ತು. ಓಣಿಯವರು, ಹಿಂದಿನ ಓಣಿಯವರು, ಗುರುತಿಲ್ಲದ ಬೇರೆ ಓಣಿಯವರು ಕೂಡ. ಎಲ್ಲರ ಸೊಂಟದ ಮೇಲೂ ಬಿಂದಿಗೆ. ದಾನಮ್ಮ ಕೊಳಕ್ಕೆ ಹೋಗುವ ಬಾಗಿಲಿಗೆ ಅಡ್ಡ ನಿಂತಿದ್ದಳು, ಬೂದಿಬಣ್ಣದ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಶಿವಗಂಗವ್ವ ಅವಳ ಎದುರು ಸೆಟೆದು ನಿಂತಿದ್ದಳು.

"ಏನ ತಮ್ಮಾ," ಎಂದಳು ನನ್ನನ್ನು ಕಂಡು, "ನಿನ್ನ ಹೇಣತಿ ನಮ್ಮ ಪಾಲು ಬ್ಯಾಡ ಅನ್ನಾಕತ್ತಾಳ. ನಾ ಹಿಡಿದ ಕೂಸಿಗೆ ನನ್ನ ನೀರು ಬ್ಯಾಡೇನು?"

"ಯವ್ವಾ, ನೀರಿನಾಗ ಕ್ಲೋರಿನ್ ಐತಿ. ಬಾಳ ಐತಿ. ಇನ್ನೊಂದು ಹನಿ ಬಿದ್ರ ಕೂಸು ಉಳಿಯಾಂಗಿಲ್ಲ."

ಹಿಂದಿನಿಂದ ಯಾರೋ ಪತ್ರಿಕೆ ಬಿಡಿಸಿದರು. "ಇಲ್ಲೆ ಸೊನ್ನಿ ಅಂತ ಐತಲ್ರಿ!"

"ಅದು ತಪ್ಪು."

"ಇವತ್ತಿನ ಪೇಪರ್ ಐತ್ರಿ ಇದು."

"ಇವತ್ತಿಂದಽ ತಪ್ಪು."

"ಬರದಾವ್ರು ಯಾರು?"

"ನಾನು."

ಹುಸೇನಸಾಬ ಮುಂದೆ ಬಂದ. "ಸಾಹೇಬ್ರ, ಮುಂಜಾನೆ ನನ್ನ ಕೈಯಾಗಽ ನೋಡೀನಲ್ರಿ. ನನ್ನ ಪೆಟ್ಟಿಗಿನೂ ಸುಳ್ಳು ಹೇಳ್ತೈತೇನ್ರಿ?" ಅವನ ಮಾತಿನಲ್ಲಿ ಸಿಟ್ಟಿಗಿಂತ ಹೆಚ್ಚು ನೋವಿತ್ತು. ಮಾತಿನಿಂದ ಇದು ಬಗೆಹರಿಯುವುದಿಲ್ಲ ಎಂದು ಗೊತ್ತಾಯಿತು. ನಳಿಕೆ ತುಂಬಿ ತಂದು ಅವನ ಕೈಗೇ ಕೊಟ್ಟೆ. "ಅಂಗೈಯಾಗ ಮುಚ್ಚಬ್ಯಾಡ. ಗುಳಿಗಿ ಹಾಕಿ ಕಣ್ಣು ಬಿಟ್ಟು ನೋಡು."

ಅವನು ಹಾಕಿದ. ಸುತ್ತ ನಿಂತವರು ತಲೆ ಚಾಚಿದರು. ಗುಲಾಬಿ ಒಮ್ಮೆ ಮಿನುಗಿ ಆರಿಹೋಯಿತು. ಹುಸೇನಸಾಬ ನಳಿಕೆಯನ್ನು ಹಿಡಿದ ಕೈ ಇಳಿಸಲಿಲ್ಲ. ಅವನ ಇನ್ನೊಂದು ಕೈ ತನ್ನ ಬಿಂದಿಗೆಯ ಬಾಯಿಯನ್ನು ಮುಚ್ಚಿತು.

ದಾನಮ್ಮ ಬಾಗಿಲು ಬಿಟ್ಟು ಕೊಳದ ಕಡೆ ಹೋಗಿದ್ದಳು. ಆಗಲೇ ಒಳಗಿನಿಂದ ಅವಳ ಕೂಗು ಕೇಳಿದ್ದು. ಎಲ್ಲರೂ ಕೊಳದ ಕಡೆ ನುಗ್ಗಿದರು.

ಕೂಸು ಮೆಟ್ಟಿಲಿಗೆ ಬಂದಿತ್ತು. ಕೆಳಗಿನ ಮೆಟ್ಟಿಲುಗಳನ್ನು ದಾಟಿ, ನೀರಿನಿಂದ ತಲೆ, ಹೆಗಲು, ಬೆನ್ನು ಹೊರಬಂದಿದ್ದವು. ಕೈ ಊರಿ ಮೊಣಕಾಲು ಎಳೆದುಕೊಂಡು ಮೇಲಿನ ಮೆಟ್ಟಿಲಿಗೆ ಹತ್ತುತ್ತಿತ್ತು. ಕೂದಲು ಹೊಂಬಣ್ಣಕ್ಕೆ ತಿರುಗಿತ್ತು. ಹಿಂದೆ ನಿಂತಿದ್ದ ಹೆಂಗಸರಿಗೆ ಆ ಬಣ್ಣ ಕಾಣಿಸಿರಲಿಲ್ಲ, ಹತ್ತುವುದಷ್ಟೇ ಕಂಡಿತ್ತು. "ಏರಾಕತ್ತೈತಿ! ಕೂಸು ಏರಾಕತ್ತೈತಿ!" ಎಂದು ಅವರು ಕೂಗಿದರು. ಒಬ್ಬಾಕೆ ಸೋಬಾನೆಯನ್ನೇ ಎತ್ತಿಬಿಟ್ಟಳು.

"ಬಾಯಿ ಮುಚ್ಚರೇ!" ಎಂದು ಗದರಿದವಳು ಶಿವಗಂಗವ್ವ. ಆಕೆ ಬಿಂದಿಗೆಯನ್ನು ನೆಲಕ್ಕಿಟ್ಟು ಮೆಟ್ಟಿಲ ಹತ್ತಿರ ಬಗ್ಗಿ ಕೂಸಿನ ಎದೆ ನೋಡಿದಳು. ಅದು ಪುಟಪುಟನೆ ಹಾರುತ್ತಿತ್ತು. "ಇದು ಏರೂದಲ್ಲ," ಎಂದಳು, "ಓಡಿ ಬರೂದು."

ಕೂಸು ಕೆಮ್ಮಿತು. ಗಾಳಿಗೆ ಬಾಯಿ ತೆರೆದು, ಸಾಲದೆ, ಮತ್ತೆ ತೆರೆಯಿತು. ಗುರುಸಿದ್ದ ಗೋಡೆ ಹಿಡಿದುಕೊಂಡು ಒಳಗೆ ಬಂದಿದ್ದ. ಅವನೂ ಹಾಗೆಯೇ ಬಾಯಿ ತೆರೆದು ಉಸಿರೆಳೆಯುತ್ತಿದ್ದ. ಜನ ಅವನನ್ನು ನೋಡಿದರು, ಕೂಸನ್ನು ನೋಡಿದರು. ಸೋಬಾನೆ ಎತ್ತಿದವಳು ಸೆರಗು ಬಾಯಿಗೊತ್ತಿಕೊಂಡಳು.

ತಳ್ಳುವಂತಿಲ್ಲ, ಎತ್ತುವಂತಿಲ್ಲ. ಇನ್ನೊಂದು ಮೆಟ್ಟಿಲು ಹತ್ತಿ ಪೂರ್ತಿ ಹೊರಬಂದರೆ ಹಿಂದಿರುಗುವುದಿಲ್ಲ, ಬಂದವರಾರೂ ಹಿಂದಿರುಗಿಲ್ಲ.

ಹರಳುಗಳನ್ನು ಬಕೆಟ್ಟಿನಲ್ಲಿ ಕರಗಿಸಿದೆ. ಲೆಕ್ಕ ಹಾಕಿದ್ದರಲ್ಲಿ ಅರ್ಧವನ್ನಷ್ಟೇ ಮೊದಲು ಹಾಕುವುದೆಂದು ತೀರ್ಮಾನಿಸಿದ್ದೆ. ಹೆಚ್ಚು ಹಾಕಿದರೆ ಕ್ಲೋರಿನ್ ಪೂರ್ತಿ ಸತ್ತು ನಿಜವಾದ ಸೊನ್ನೆಯೇ ಆಗುತ್ತದೆ. ಕೂಸಿನಿಂದ ದೂರದ ತುದಿಯಿಂದ ಸುತ್ತಲೂ ಹನಿಸುತ್ತ ಬಂದೆ. ಕೊಳದ ಪಂಪಿನ ಮೋಟರು ನೀರನ್ನು ತಿರುಗಿಸುತ್ತಿತ್ತು. ದಾನಮ್ಮ ಕೊಳಕ್ಕಿಳಿದು ಎರಡೂ ತೋಳುಗಳಿಂದ ನೀರನ್ನು ಕದಡತೊಡಗಿದಳು. ಅದನ್ನು ನೋಡಿ ಹುಸೇನಸಾಬ ಅಂಗಿಯ ಸಮೇತ ಇಳಿದ. ಅವನ ಹಿಂದೆ ಇನ್ನಿಬ್ಬರು ಇಳಿದರು.  ನೀರಿನ ಸದ್ದು, ಕೂಸಿನ ಕೆಮ್ಮು, ಗುರುಸಿದ್ದನ ಉಸಿರು, ಇಷ್ಟೇ ಕೇಳುತ್ತಿದ್ದುದು.

ಬಾವಿ ನೀರು ಬೆರೆಸಿ ಗುಳಿಗೆ ಹಾಕಿದೆ. ದಾಳಿಂಬೆ ಹೋಗಿ ಕಣಗಿಲೆ ಹೂವಿನ ಬಣ್ಣಕ್ಕೆ ಬಂದಿತ್ತು. ಇನ್ನೂ ಹೆಚ್ಚು.

ದಾನಮ್ಮ ಬೊಗಸೆಯಲ್ಲಿ ನೀರು ತಂದು ಕೂಸಿನ ಪಾದದ ಮೇಲೆ ಬಿಟ್ಟಳು. ಕೂಸು ಪಾದ ಎಳೆದುಕೊಂಡು ಇನ್ನಷ್ಟು ಮೇಲೆ ಸರಿಯಿತು. ಈಗ ಒಂದು ಮೊಣಕಾಲು ಒಣನೆಲದ ಅಂಚಿನಲ್ಲಿತ್ತು.

"ಮುಟ್ಟಿಸಬ್ಯಾಡ, ಮುಟ್ಟಿಸಬ್ಯಾಡ," ಎಂದು ಶಿವಗಂಗವ್ವ ಪಿಸುಗುಟ್ಟಿದಳು.

ಉಳಿದ ಅರ್ಧದಲ್ಲಿ ಅರ್ಧ ಹಾಕಿದೆ.  ಹೈಪೋ ಅಳೆಯುವುದು ದಿನದ ಕೆಲಸವಾಗಿದ್ದ ಗುರುಸಿದ್ದನ ಕೈಗೆ ಅಳತೆಯ ಲೋಟವನ್ನು ಕೊಟ್ಟೆ. ಕುಳಿತಲ್ಲಿಂದಲೇ ಅವನು ಗೆರೆಗೆ ಸರಿಯಾಗಿ ತುಂಬಿ ತುಂಬಿ ಕೊಟ್ಟ. ನೀರಿನಲ್ಲಿದ್ದವರು ಕದಡಿದರು. ಮತ್ತೆ ಪರೀಕ್ಷೆ: ಬಣ್ಣ ತೆಳುವಾಗಿತ್ತು. ಮತ್ತೊಂದು ಲೋಟ ಬಿಟ್ಟೆ. ಈಗ ಬಾವಿ ನೀರು ಬೆರೆಸದೆ, ಕೊಳದ ನೀರನ್ನೇ ನಳಿಕೆಗೆ ತುಂಬಿ ಗುಳಿಗೆ ಹಾಕಿದೆ. ಗುಲಾಬಿ ಬಂತು. ಕಣ್ಣು ಮುಚ್ಚದೆ ನೋಡಿದೆ. ಅದು ಆರಲಿಲ್ಲ. ನಿಮಿಷ ಕಳೆದರೂ ಹಾಗೇ ನಿಂತಿತ್ತು, ಪಟ್ಟಿಯ ನಡುಭಾಗದ ಬಣ್ಣಕ್ಕೆ ಸರಿಯಾಗಿ.

"ಸರಿ ಐತಿ," ಎಂದೆ. ನನ್ನ ಮಾತನ್ನು ಯಾರೂ ನಂಬಿದಂತೆ ಕಾಣಲಿಲ್ಲ. ನಂಬುವುದಕ್ಕೆ ಕಾರಣವೂ ಇರಲಿಲ್ಲ. ಎಲ್ಲರೂ ಕೂಸಿನ ಪಾದವನ್ನೇ ನೋಡುತ್ತಿದ್ದರು.

ದಾನಮ್ಮ ಮತ್ತೆ ಬೊಗಸೆ ತುಂಬಿದಳು. ಬಿಡಲು ಧೈರ್ಯವಿಲ್ಲದೆ ಬೆರಳ ಸಂದಿಯಿಂದ ಒಂದೊಂದೇ ಹನಿ ಇಳಿಸಿದಳು. ಕೂಸು ಪಾದ ಎಳೆದುಕೊಂಡಿತು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡು, ಕೆಂಪು ಕಣ್ಣುಗಳಿಂದ ನೀರನ್ನು ದಿಟ್ಟಿಸಿತು. ಆಮೇಲೆ ಪಾದವನ್ನು ಹನಿಗಳ ಕೆಳಗೆ ತಾನೇ ಚಾಚಿತು. ಹನಿ ಬಿದ್ದವು. ಪಾದ ಅಲ್ಲೇ ಇತ್ತು.

ನಮ್ಮೂರಿನಲ್ಲಿ ಮೆಟ್ಟಿಲ ಮೇಲಿರುವ ಕೂಸಿಗೆ ತಾಯಂದಿರು ಹೇಳುವ ಮಾತು ಒಂದೇ: ಬಾ. ತಿಂಗಳುಗಟ್ಟಲೆ ಅದನ್ನೇ ಹೇಳಿಕೊಂಡು ಕೂರುತ್ತಾರೆ. ದಾನಮ್ಮ ಎದೆಮಟ್ಟದ ನೀರಿನಲ್ಲಿ ನಿಂತು, ಕೂಸಿನ ಮುಖಕ್ಕೆ ಮುಖ ತಂದು, ಯಾರೂ ಕೇಳಿರದ ಮಾತನ್ನು ಹೇಳಿದಳು.

"ಹೋಗವ್ವಾ. ಹೋಗು."

ಕೂಸು ಒಣನೆಲದಿಂದ ಮೊಣಕಾಲು ತೆಗೆಯಿತು. ಹಿಮ್ಮುಖವಾಗಿ, ಮೊದಲು ಒಂದು ಕಾಲು, ಆಮೇಲೆ ಇನ್ನೊಂದು. ಸೊಂಟ ಮುಳುಗಿತು, ಬೆನ್ನು ಮುಳುಗಿತು. ಗಲ್ಲದವರೆಗೆ ಬಂದು ನಿಂತು ನಮ್ಮೆಲ್ಲರನ್ನೂ ಒಮ್ಮೆ ನೋಡಿತು. ಅಷ್ಟು ಜನ ಅಷ್ಟು ಹೊತ್ತು ಉಸಿರು ಹಿಡಿದು ನಿಂತದ್ದನ್ನು ನಾನು ಯಾವ ವರದಿಗೂ ಬರೆದಿಲ್ಲ. ಕೂಸಿನ ತಲೆಯ ಮೇಲೆ ನೀರು ಕೂಡಿಕೊಂಡಿತು. ತಳದಲ್ಲಿ ಅದು ಕೈಕಾಲು ಚಾಚಿ ಹೊರಳಿತು. ಬಾಯಿಂದ ಗುಳ್ಳೆಗಳು ಸಾಲಾಗಿ ಮೇಲೆ ಬಂದು ಒಡೆದವು.

ಶಿವಗಂಗವ್ವ ತನ್ನ ಬಿಂದಿಗೆಯ ಪಕ್ಕ ನೆಲದ ಮೇಲೆ ಕುಳಿತಳು. ನಮ್ಮ ಓಣಿಯಲ್ಲಿ ಕೂಸು ನೀರಿನಿಂದ ಬಂದಾಗ ಹೆಂಗಸರು ಹಾಡುತ್ತಾರೆ. ನೀರಿಗೆ ಮರಳಿದಾಗ ಏನು ಮಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ.  ಕೊನೆಗೆ ದಾನಮ್ಮ ನೀರಿನೊಳಗೆ ಮೆಟ್ಟಿಲ ಮೇಲೆ ಕುಳಿತು ಸೆರಗು ಸರಿಸಿಕೊಂಡಳು. ನೀರಿಗಿಳಿದಿದ್ದವರು ಮೇಲೆ ಹತ್ತಿದರು; ಎಲ್ಲರೂ ಮುಖ ತಿರುಗಿಸಿ, ತುಂಬಿದ ಬಿಂದಿಗೆಗಳನ್ನು ಎತ್ತಿಕೊಂಡು, ಸದ್ದಾಗದಂತೆ ಹೊರನಡೆದರು. ಕೂಸು ತಳದಿಂದ ಎದ್ದು ಹಾಲಿಗೆ ಬಂತು.